ತೊಳೆಯದ ತುತ್ತೂರಿ

ಬಸ್ ನಿಲ್ದಾಣದ ಎದುರು, ಚಪ್ಪಲಿ ಅಂಗಡಿಗೂ ಗಡಿಯಾರದ ಅಂಗಡಿಗೂ ನಡುವೆ ಒಂದು ತಗಡಿನ ಪೆಟ್ಟಿಗೆ ಅಂಗಡಿ ಇದೆ. ಒಳಗೆ ಒಬ್ಬರು ಕೂರಬಹುದು. ಇನ್ನೊಬ್ಬರು ಬರಬೇಕೆಂದರೆ ಮೊದಲಿನವರು ಎದ್ದು ಹೊರಗೆ ಬರಬೇಕು. ಗೋಡೆಯ ತುಂಬ ಮೊಳೆಗಳು, ಮೊಳೆಗಳ ತುಂಬ ಬೀಗದ ಕೈಗಳು. ಮೊಣಕಾಲ ಮೇಲೆ ಹಳೆಯ ಗೋಣಿ ಹಾಸಿಕೊಂಡು, ಅರ ಹಿಡಿದು ಹಿತ್ತಾಳೆ ಉಜ್ಜುತ್ತ ಅಲ್ಲಿ ಕೂತಿರುವವನೇ ಬೀಗದಣ್ಣ. ಮನೆಯ ಬೀಗದ ಕೈ ಕಳೆದುಕೊಂಡು ಬಿಸಿಲಲ್ಲಿ ನಿಂತವರಿಗೆಲ್ಲ ಅವನು ಅಣ್ಣನೇ. ಬಾಗಿಲು ತೆರೆದ ಮೇಲೆ ಆ ನೆಂಟಸ್ತಿಕೆ ಎಷ್ಟು ಮಂದಿಗೆ ನೆನಪಿರುತ್ತದೆ ಎನ್ನುವುದು ಬೇರೆ ಮಾತು.

ಬೀಗದಣ್ಣನ ಬಳಿ ಎಲ್ಲರಿಗೂ ಒಂದೇ ಉಪದೇಶ. ಯಾರು ಎಂಥ ಬೀಗ ತಂದರೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, “ಹಾಳಾಗಿಲ್ಲ, ಕೊಳೆ ಕೂತಿದೆ” ಎನ್ನುತ್ತಿದ್ದ. ಆಮೇಲೆ ಅದನ್ನು ಸೀಮೆಎಣ್ಣೆಯ ಡಬ್ಬಿಯಲ್ಲಿ ಮುಳುಗಿಸಿ, ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ತಿಕ್ಕಿ, ಒರೆಸಿ, ಗಿರಾಕಿಯ ಕೈಗೆ ಕೊಡುವಾಗ ಉಪದೇಶದ ಉಳಿದರ್ಧ ಹೊರಬರುತ್ತಿತ್ತು: “ಬೀಗಕ್ಕೆ ವಯಸ್ಸಾಗಲ್ಲ ಸ್ವಾಮಿ. ಒಳಗೆ ಕೊಳೆ ಸೇರುತ್ತೆ ಅಷ್ಟೆ. ನೀವು ಹೊರಗೆ ಮಾತ್ರ ಒರೆಸ್ತೀರಿ.”

ಇಂಥವನ ಕೈಯಲ್ಲೇ ಇಪ್ಪತ್ತು ಚಿಲ್ಲರೆ ವರ್ಷದಿಂದ ಒಳಗೆ ಒಂದು ಹನಿ ನೀರು ಕಾಣದ ವಸ್ತುವೊಂದಿತ್ತು ಎಂದರೆ ಯಾರೂ ನಂಬಲಾರರು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಆ ವಸ್ತು ಅವನ ತುತ್ತೂರಿ.

ಬೀಗದಣ್ಣ ಬ್ಯಾಂಡಿನವನು. ವಾರದಲ್ಲಿ ಮೂರು ಸಂಜೆ ಪಂಚರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಅಭ್ಯಾಸ. ಕ್ಷೌರದವನು ಕ್ಲಾರಿಯೊನೆಟ್, ಅಂಚೆಯವನು ಡೋಲು, ಉಳಿದವರೂ ಹಾಗೇ ಹಗಲಿಗೊಂದು ಕೆಲಸ, ಸಂಜೆಗೊಂದು ವಾದ್ಯ. ಮದುವೆ, ಹೊಸ ಅಂಗಡಿಯ ಆರಂಭ, ಶಾಲೆಯ ಆಟೋಟ, ಏನೇ ಇರಲಿ ಈ ಬ್ಯಾಂಡು ಹೋಗುತ್ತಿತ್ತು. ಕೊನೆಯ ಹಾಡು ಮುಗಿದಾಗ ಎಲ್ಲರೂ ನಿಲ್ಲಿಸುವರು, ಬೀಗದಣ್ಣನ ತುತ್ತೂರಿ ಮಾತ್ರ ಒಂದೇ ಸ್ವರವನ್ನು ಹಿಡಿದು ನಿಲ್ಲುವುದು. ಅದಕ್ಕೆ ಉದ್ದ ಸ್ವರ ಎಂದೇ ಹೆಸರು. ಮಕ್ಕಳು ಬೆರಳು ಮಡಿಸಿ ಎಣಿಸುವರು. ಸ್ವರ ನಿಂತಾಗ ಬೀಗದಣ್ಣ ಏನೂ ಆಗದವನಂತೆ ಕರವಸ್ತ್ರದಿಂದ ತುಟಿ ಒರೆಸಿಕೊಳ್ಳುತ್ತಿದ್ದ. ತನ್ನ ತುತ್ತೂರಿಯನ್ನು ತಾನೇ ಊದಿಕೊಳ್ಳುವ ಮನುಷ್ಯನಲ್ಲ ಅವನು, ಆ ಒಂದು ಗಳಿಗೆಯನ್ನು ಬಿಟ್ಟರೆ.

ಆ ತುತ್ತೂರಿ ಅವನಿಗೆ ಬಂದದ್ದು ಮೇಷ್ಟ್ರಿಂದ. ಬ್ಯಾಂಡು ಕಟ್ಟಿದವರು ಅವರು. ಇವರೆಲ್ಲರಿಗೂ ಊದಲು, ಬಡಿಯಲು, ತಾಳ ತಪ್ಪಿದಾಗ ತಲೆ ತಗ್ಗಿಸಲು ಕಲಿಸಿದವರು. ಅರವತ್ತು ದಾಟುತ್ತಿದ್ದಂತೆ ಅವರಿಗೆ ಕೆಮ್ಮು ಹತ್ತಿತು, ಉಸಿರು ಸಾಲದಾಯಿತು. ಒಂದು ಸಂಜೆ ತುತ್ತೂರಿಯನ್ನು ಬೀಗದಣ್ಣನ ಮಡಿಲಿಗೆ ಹಾಕಿ, “ನನ್ನ ಕಾಲ ಮುಗೀತು ಕಣೋ, ವಯಸ್ಸಾಯ್ತು” ಎಂದು ಮೆಟ್ಟಿಲಿಳಿದು ಹೋದರು. ಮತ್ತೆಂದೂ ವಾದ್ಯ ಮುಟ್ಟಲಿಲ್ಲ.

ಮೇಷ್ಟ್ರ ಕಾಲದಿಂದಲೂ ಬ್ಯಾಂಡಿನಲ್ಲಿ ಒಂದು ನಿಯಮ: ಊದುವ ವಾದ್ಯದ ಒಳಗೆ ನೀರು ಹಾಕಕೂಡದು. ನಾದ ಒಳಗೋಡೆಗೆ ಅಂಟಿಕೊಂಡು ಕೂತಿರುತ್ತದೆ, ತೊಳೆದರೆ ಕೊಚ್ಚಿಕೊಂಡು ಹೋಗುತ್ತದೆ ಎಂದು ಹಳಬರು ಹೊಸಬರಿಗೆ ಮೊದಲ ದಿನವೇ ಹೇಳಿಕೊಡುತ್ತಿದ್ದರು. ಹೊರಗೆ ಮಾತ್ರ ಪಾಲಿಶ್ ಹಾಕಿ ಮುಖ ಕಾಣುವಂತೆ ಉಜ್ಜಬಹುದು. ಬೀಗದಣ್ಣ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆ ಕೊಳವೆಯಲ್ಲಿ ಮೇಷ್ಟ್ರ ಉಸಿರೇ ಉಳಿದಿದೆ ಎಂದು ನಂಬಿದ್ದ. ಉದ್ದ ಸ್ವರ ಹಿಡಿದಾಗ ಅರ್ಧ ತಾನು ಊದುತ್ತೇನೆ, ಅರ್ಧ ಅವರು ಊದುತ್ತಾರೆ ಎಂದು ಅವನಿಗೆ ಅನ್ನಿಸುತ್ತಿತ್ತು.

ಅವನ ಹೆಂಡತಿಗೆ ಹಾಗೇನೂ ಅನ್ನಿಸುತ್ತಿರಲಿಲ್ಲ. ಅವಳು ಬೇಕರಿಯಲ್ಲಿ ಬ್ರೆಡ್ ಕಟ್ಟುವವಳು. ತಲೆಗೆ ಟೋಪಿ ಹಾಕಿ, ಉಗುರು ತೋರಿಸಿ, ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡಲ್ಲದೆ ಒಳಗೆ ಬಿಡದ ಜಾಗ ಅದು. ಆ ಶಿಸ್ತು ಮನೆಗೂ ಬಂದಿತ್ತು.

“ರೀ, ಟೀ ಕುಡಿದ ಬಾಯಲ್ಲಿ ಊದ್ತೀರಿ. ಬಿಸ್ಕತ್ತು ತಿಂದ ಬಾಯಲ್ಲಿ ಊದ್ತೀರಿ. ಅದೆಲ್ಲ ಎಲ್ಲಿಗೆ ಹೋಗುತ್ತೆ ಅಂತ ಯಾವತ್ತಾದ್ರೂ ಯೋಚನೆ ಮಾಡಿದ್ದೀರಾ?”

“ನಾದ ಆಗುತ್ತೆ ಕಣೇ.”

“ಬಿಸ್ಕತ್ತು ನಾದ ಆಗೋದನ್ನ ನಾನಂತೂ ಕಂಡಿಲ್ಲ,” ಎಂದು ಅವಳು ಒಳಗೆ ಹೋಗುತ್ತಿದ್ದಳು. ಈ ಜಗಳ ತುತ್ತೂರಿ ಮನೆಗೆ ಬಂದಾಗಿನಿಂದ ಇತ್ತು. ಇಬ್ಬರಿಗೂ ಅದು ರೂಢಿಯಾಗಿತ್ತು, ಒಂದು ರೀತಿಯಲ್ಲಿ ಬೇಕಾಗಿಯೂ ಇತ್ತು.

ಕೆಮ್ಮು ಬಂದದ್ದು ಮೆತ್ತಗೆ, ಸದ್ದಿಲ್ಲದೆ. ಮೊದಮೊದಲು ಅಭ್ಯಾಸದ ಸಂಜೆಗಳಲ್ಲಿ ಮಾತ್ರ. ಮನೆಗೆ ಬಂದು ಊಟ ಮಾಡಿ ಮಲಗುವ ಹೊತ್ತಿಗೆ ಮೈ ಬೆಚ್ಚಗಾಗುವುದು, ಕೈಕಾಲು ನೋಯುವುದು, ಎದೆಯಲ್ಲಿ ಒಣಕೆಮ್ಮು. ಬೆಳಗ್ಗೆ ಎದ್ದರೆ ಆರಾಮ. ಬರಬರುತ್ತ ಬೆಳಗ್ಗೆಯೂ ಕೆಮ್ಮು ಉಳಿಯಿತು. ಅಭ್ಯಾಸದ ಕೋಣೆಯ ಮೆಟ್ಟಿಲು ಹತ್ತುವಾಗ ಅರ್ಧದಲ್ಲಿ ನಿಂತು, ಕೆಳಗೆ ಪಂಚರ್ ಹಾಕುವುದನ್ನು ಬಹಳ ಆಸಕ್ತಿಯಿಂದ ನೋಡುವ ನಟನೆ ಮಾಡತೊಡಗಿದ. ಪಂಚರಿನವನಿಗೆ ಇವನು ಅಂಗಡಿ ಹಾಕುವ ಯೋಚನೆಯಲ್ಲಿದ್ದಾನೇನೋ ಎಂಬ ಗುಮಾನಿ ಹುಟ್ಟಿತು. ಉದ್ದ ಸ್ವರ ಗಿಡ್ಡವಾಯಿತು. ಒಂದು ಮದುವೆಯಲ್ಲಿ ಮಕ್ಕಳು ಎರಡನೆಯ ಕೈಯ ಬೆರಳು ಮಡಿಸುವ ಮೊದಲೇ ಅದು ನಿಂತುಹೋಯಿತು, ಮಕ್ಕಳು ಮಡಿಸಿದ ಬೆರಳು ಬಿಡಿಸದೆ ಅವನ ಮುಖವನ್ನೇ ನೋಡುತ್ತ ನಿಂತರು. ಅವನಿಗೆ ಅಳು ಬಂದಂತಾಯಿತು.

ಬೀದಿಯ ಕೊನೆಯ ಕ್ಲಿನಿಕ್ಕಿನಲ್ಲಿ ಕೊಟ್ಟ ಮಾತ್ರೆಗಳಿಂದ ಒಂದಿಷ್ಟು ಇಳಿಯಿತು, ಮತ್ತೆ ಏರಿತು. ತೂಕವೂ ಇಳಿದದ್ದರಿಂದ ಯಾರ ಬಾಯಲ್ಲೂ ಬರದೆ ಎಲ್ಲರ ಕಣ್ಣಲ್ಲೂ ಬಂದ ಮಾತು ಒಂದೇ: ಕ್ಷಯ. ಕಫದ ಪರೀಕ್ಷೆಗೆ ಕೊಟ್ಟು ಬಂದ ಬೀಗದಣ್ಣ ಮನೆಯಲ್ಲಿ ತನ್ನ ತಟ್ಟೆ ಲೋಟ ಬೇರೆ ಇಟ್ಟುಕೊಂಡ. ಹೆಂಡತಿ ಅದನ್ನು ನೋಡಿದಳು. ಊಟವಾದ ಮೇಲೆ ಅವನ್ನು ಎತ್ತಿಕೊಂಡು ಹೋಗಿ ಕುದಿಯುವ ನೀರು ಸುರಿದು, ತೊಳೆದು, ತನ್ನ ತಟ್ಟೆಯ ಮೇಲೇ ಜೋಡಿಸಿಟ್ಟಳು.

“ಬಿಸಿನೀರು ಇರೋ ಮನೇಲಿ ಬೇರೆ ಲೋಟ ಯಾಕೆ?” ಎಂದಳು. ಮರುದಿನದಿಂದ ಬೀಗದಣ್ಣ ಮೊದಲಿನ ಲೋಟದಲ್ಲೇ ಟೀ ಕುಡಿದ.

ಪರೀಕ್ಷೆಯಲ್ಲಿ ಕ್ಷಯ ಇಲ್ಲವೆಂದು ಬಂತು. ಅದೇ ಹೊತ್ತಿಗೆ ಮಗಳ ಹೆರಿಗೆಯಾಯಿತೆಂದು ಗಂಡ ಹೆಂಡತಿ ಇಬ್ಬರೂ ಅವಳ ಮನೆಗೆ ಹೋದರು. ಎಳೆಗೂಸಿರುವ ಮನೆಗೆ ತುತ್ತೂರಿ ಒಯ್ಯುವಂತಿಲ್ಲವಲ್ಲ, ಅದು ಮನೆಯಲ್ಲೇ ಉಳಿಯಿತು. ಅಲ್ಲಿ ಬಟ್ಟೆ ಒಣಹಾಕುತ್ತ, ಮೊಮ್ಮಗಳನ್ನು ತೂಗುತ್ತ ದಿನ ಕಳೆದಂತೆ ಕೆಮ್ಮು ಹೇಳದೆ ಕೇಳದೆ ಹೊರಟುಹೋಯಿತು. ಊಟ ಸೇರಿತು, ನಿದ್ದೆ ಬಂತು. ಬೀಗರು ತಮ್ಮ ಬಾವಿಯ ನೀರಿನ ಮಹಿಮೆ ಎಂದರು, ಮಗಳು ತನ್ನ ಕೈಯಡುಗೆ ಎಂದಳು. ಬೀಗದಣ್ಣ ಮೊಮ್ಮಗಳ ಕಾಲ್ಗುಣ ಎಂದು ತೀರ್ಮಾನಿಸಿದ.

ಊರಿಗೆ ಬಂದ ಸಂಜೆಯೇ ಅಭ್ಯಾಸಕ್ಕೆ ಹೋದ. ಹುರುಪಿನಿಂದ ಊದಿದ. ಮಲಗುವ ಹೊತ್ತಿಗೆ ಚಳಿ, ಜ್ವರ, ಉಸಿರು ಕಟ್ಟುವ ಕೆಮ್ಮು. ಬೆಳಗ್ಗೆ ಹೆಂಡತಿ ಬೇಕರಿಗೆ ರಜೆ ಹೇಳಿ, ಅವನನ್ನು ದೊಡ್ಡ ಆಸ್ಪತ್ರೆಯ ಎದೆರೋಗದ ವಿಭಾಗಕ್ಕೆ ಕರೆದುಕೊಂಡು ಹೋದಳು.

ಅಲ್ಲಿನ ಡಾಕ್ಟರಮ್ಮ ಮಗಳ ವಯಸ್ಸಿನವಳು. ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಶ್ವಾಸಕೋಶದ ತುಂಬ ಮಂಜು ಕವಿದಂತೆ ಬೆಳ್ಳಗಿತ್ತು.

“ಮನೇಲಿ ಪಾರಿವಾಳ, ಗಿಳಿ ಏನಾದ್ರೂ ಸಾಕಿದ್ದೀರಾ? ಗೋಡೆ ತೇವ ಇದೆಯಾ?” ಎಂದು ಕೇಳಿದಳು. ಎರಡೂ ಇರಲಿಲ್ಲ. ಬೀಗದ ಕೈ ಉಜ್ಜುವವನು ಎಂದು ಗೊತ್ತಾದ ಮೇಲೆ ಹಿತ್ತಾಳೆಯ ಪುಡಿ ಎದೆಗೆ ಹೋಗುತ್ತಿರಬಹುದೆಂದು ಮುಖಕ್ಕೆ ಮಾಸ್ಕ್ ಹಾಕಿಕೊಳ್ಳಲು ಹೇಳಿದಳು. ಅವನು ನಿಷ್ಠೆಯಿಂದ ಹಾಕಿಕೊಂಡ. ಗಿರಾಕಿಗಳಿಗೆ ಅವನ ಉಪದೇಶ ಕೇಳಿಸುವುದು ಕಷ್ಟವಾಯಿತು, ಅದೊಂದೇ ಲಾಭ. ಕೆಮ್ಮು ಕಡಿಮೆಯಾಗಲಿಲ್ಲ.

ಮುಂದಿನ ಸಲ ಅವನು ಹೆಂಡತಿಯೊಡನೆ ಆಸ್ಪತ್ರೆಗೆ ಬಂದದ್ದು ಒಂದು ಅಂಗಡಿಯ ಆರಂಭ ಮುಗಿಸಿ, ತುತ್ತೂರಿಯ ಪೆಟ್ಟಿಗೆ ಹಿಡಿದುಕೊಂಡೇ. ಡಾಕ್ಟರಮ್ಮ ಪೆಟ್ಟಿಗೆಯನ್ನು ನೋಡಿದಳು.

“ಇದೇನು?”

ಬೀಗದಣ್ಣನ ಮುಖ ಅರಳಿತು. ಪೆಟ್ಟಿಗೆ ತೆರೆದು ತೋರಿಸಿದ. ಮೇಷ್ಟ್ರ ಕತೆ ಹೇಳಿದ, ಉದ್ದ ಸ್ವರದ ಕತೆ ಹೇಳಿದ. ಅವಳು ಅದನ್ನು ಕೈಗೆ ತೆಗೆದುಕೊಂಡು ಹೊಳಪನ್ನು ಮೆಚ್ಚಿದಳು. ಆಮೇಲೆ ಸಹಜವಾಗಿ, “ಇದನ್ನ ಒಳಗೆ ಯಾವಾಗ ತೊಳೀತೀರಿ?” ಎಂದಳು.

“ತೊಳೆಯೋದಾ? ಇಲ್ಲ ಡಾಕ್ಟರಮ್ಮ, ನಮ್ಮಲ್ಲಿ ಯಾರೂ ತೊಳೆಯಲ್ಲ. ಇದಕ್ಕಂತೂ ಇಪ್ಪತ್ತು ವರ್ಷದಿಂದ ಒಂದು ಹನಿ ನೀರು ಮುಟ್ಟಿಸಿಲ್ಲ,” ಎಂದ ಬೀಗದಣ್ಣ, ಎದೆಯುಬ್ಬಿಸಿ.

ಡಾಕ್ಟರಮ್ಮ ತುತ್ತೂರಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಹೋಗಿ ಕೈ ತೊಳೆದುಕೊಂಡು ಬಂದಳು. ಮೂಲೆಯಲ್ಲಿ ಕೂತಿದ್ದ ಹೆಂಡತಿ ಆ ಕೈ ತೊಳೆಯುವುದನ್ನು ನೋಡಿದಳು. ಅವಳ ಮುಖದಲ್ಲಿ ಇಪ್ಪತ್ತು ವರ್ಷದ ವ್ಯಾಜ್ಯ ಗೆದ್ದವರ ಶಾಂತಿ ಮೂಡಿತು.

ಉದ್ದನೆಯ ಕಡ್ಡಿಗೆ ಹತ್ತಿ ಸುತ್ತಿ ಕೊಳವೆಯ ಒಳಗೆ ಆಡಿಸಿದರು. ಹತ್ತಿ ಕಪ್ಪು ಹಸಿರು ಲೋಳೆ ಹಿಡಿದುಕೊಂಡು ಬಂತು. ಅದನ್ನು ಪ್ರಯೋಗಾಲಯದಲ್ಲಿ ಬೆಳೆಯಲು ಬಿಟ್ಟು, ಬೆಳೆದ ಮೇಲೆ ಬೀಗದಣ್ಣನನ್ನು ಕರೆಸಿದರು. ಮುಚ್ಚಳವಿದ್ದ ಚಪ್ಪಟೆ ತಟ್ಟೆಗಳಲ್ಲಿ ಒಂದು ತೋಟವೇ ಎದ್ದಿತ್ತು. ಒಂದರಲ್ಲಿ ಹಸಿರು ಉಣ್ಣೆಯಂಥ ಬೂಷ್ಟು, ಇನ್ನೊಂದರಲ್ಲಿ ಗುಲಾಬಿ ಬಣ್ಣದ ಜಿಗುಟು ಚುಕ್ಕೆಗಳು, ಮತ್ತೊಂದರಲ್ಲಿ ಕರಿಮಚ್ಚೆಗಳು.

“ನಮ್ಮ ಬೇಕರೀಲಿ ಹಳೇ ಬ್ರೆಡ್ಡು ಹೀಗೇ ಆಗುತ್ತೆ. ನಾವು ತಿಪ್ಪೆಗೆ ಹಾಕ್ತೀವಿ, ಇವರು ಬಾಯಿಗೆ ಹಾಕ್ತಾರೆ,” ಎಂದಳು ಹೆಂಡತಿ.

ಬೀಗದಣ್ಣ ತಟ್ಟೆಗಳನ್ನೇ ನೋಡುತ್ತಿದ್ದ. “ಇವು ಹೇಗೆ ಒಳಗೆ ಬಂದವು ಡಾಕ್ಟರಮ್ಮ? ನಮ್ಮ ಮೈಗೆ ಬಾಗಿಲು ಇಲ್ವಾ?”

ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತಳು. “ಇದೆ. ನಿಮ್ಮ ಅಂಗಡಿಗಿಂತ ಹೆಚ್ಚು ಬೀಗ ಇದೆ. ಚರ್ಮ ಒಂದು ಗೋಡೆ. ಮೂಗಿನ ಕೂದಲು, ಗಂಟಲಿನ ಲೋಳೆ, ಕೆಮ್ಮು, ಸೀನು, ಎಲ್ಲ ಕಾವಲುಗಾರರು. ಸಿಕ್ಕಸಿಕ್ಕ ರೋಗಾಣು ಸಿಕ್ಕಸಿಕ್ಕ ಕಡೆ ಒಳಗೆ ಹೋಗೋಕಾಗಲ್ಲ. ನೆಗಡಿಯ ವೈರಸ್ ಹತ್ರ ಮೂಗು ಗಂಟಲಿನ ಬಾಗಿಲಿಗೆ ಹೊಂದೋ ಬೀಗದ ಕೈ ಇರುತ್ತೆ. ಭೇದಿ ತರೋದರ ಹತ್ರ ಕರುಳಿನ ಕೈ ಇರುತ್ತೆ. ಕೈ ಹೊಂದಿದ್ರೆ ಒಳಗೆ ಸೇರ್ಕೊಂಡು ಮರಿ ಹಾಕುತ್ತೆ, ಮನೆ ಹಾಳು ಮಾಡುತ್ತೆ. ಹೊಂದದೇ ಇದ್ರೆ ಹೊರಗೇ ಸಾಯುತ್ತೆ.”

“ಹಾಗಾದ್ರೆ ಇವುಗಳ ಹತ್ರ ನನ್ನ ಎದೆಯ ಕೈ ಇದೆ.”

“ಇಲ್ಲ. ತಮಾಷೆ ಅಂದ್ರೆ ಅದೇ. ಇವು ಹೆಚ್ಚಿನವು ಬಡಪಾಯಿಗಳು, ಕಳ್ಳತನ ಗೊತ್ತಿಲ್ಲ. ನೀವೇ ಬಾಗಿಲು ತೆಗೆದು ಬನ್ನಿ ಅಂತ ಕರೀತಿದ್ದೀರಿ. ಊದೋ ಮುಂಚೆ ತುಟಿ ಅಲ್ಲೇ ಇಟ್ಕೊಂಡು ಜೋರಾಗಿ ಉಸಿರು ಎಳ್ಕೊಳ್ತೀರಿ ಅಲ್ವಾ? ಒಳಗಿರೋ ಬೂಷ್ಟಿನ ಧೂಳೆಲ್ಲ ಕಾವಲು ದಾಟಿ ನೇರ ಶ್ವಾಸಕೋಶದ ತಳಕ್ಕೆ ಹೋಗುತ್ತೆ. ಅಲ್ಲಿ ಇವು ಮನೆ ಮಾಡಿಲ್ಲ, ಸದ್ಯ. ಆದ್ರೆ ನಿಮ್ಮ ಮೈಯೊಳಗಿನ ಸೈನ್ಯಕ್ಕೆ ಅದು ಗೊತ್ತಾಗಬೇಕಲ್ಲ. ದಿನಾ ಕಳ್ಳ ಬಂದ ಅಂತ ದೊಣ್ಣೆ ಹಿಡ್ಕೊಂಡು ನುಗ್ಗುತ್ತೆ. ಕಳ್ಳನಿಗೆ ಬೀಳೋ ಏಟು ಗೋಡೆಗೂ ಬೀಳುತ್ತೆ. ಜ್ವರ, ಕೆಮ್ಮು, ಎಲ್ಲ ಆ ಜಗಳದ್ದೇ. ಇದು ಇನ್ನೊಬ್ಬರಿಗೆ ಅಂಟೋದಲ್ಲ. ಆದ್ರೆ ಹೀಗೇ ಬಿಟ್ರೆ ಗೋಡೆ ಗಟ್ಟಿಯಾಗಿ ಗಾಯದ ಕಲೆ ಕಟ್ಟುತ್ತೆ, ಆಮೇಲೆ ಸರಿ ಮಾಡೋಕಾಗಲ್ಲ.”

ಮಗಳ ಮನೆಯಲ್ಲಿ ಕೆಮ್ಮು ಯಾಕೆ ಬಿಟ್ಟಿತೆಂಬುದು ಆಗ ಅವನಿಗೆ ತಿಳಿಯಿತು. ಬಾವಿಯ ನೀರೂ ಅಲ್ಲ, ಕೈಯಡುಗೆಯೂ ಅಲ್ಲ. ಮೊಮ್ಮಗಳ ಕಾಲ್ಗುಣ ಮಾತ್ರ ಒಂದು ಲೆಕ್ಕದಲ್ಲಿ ನಿಜವೇ: ಅವಳ ನಿದ್ದೆ ಕೆಡಬಾರದೆಂದೇ ತುತ್ತೂರಿ ಮನೆಯಲ್ಲಿ ಉಳಿದದ್ದು.

“ಡಾಕ್ಟರಮ್ಮ, ನಮ್ಮ ಮೇಷ್ಟ್ರೂ ಇದನ್ನೇ ಊದ್ತಿದ್ರು. ಇದರಲ್ಲಿ ಅವರ ಕಾಲದ್ದೂ ಇರಬಹುದಾ?”

ಅವಳಿಗೆ ನಗು ಬಂತು. “ಅವುಗಳ ಮರಿ ಮೊಮ್ಮಕ್ಕಳು ಇದ್ರೂ ಇರಬಹುದು.”

ಬೀಗದಣ್ಣನಿಗೆ ಅಸಹ್ಯವಾಗಲಿಲ್ಲ. ಹಸಿರು ಉಣ್ಣೆಯ ತಟ್ಟೆಯನ್ನು ಇನ್ನೊಮ್ಮೆ ಹತ್ತಿರ ಹಿಡಿದು ನೋಡಿದ. ಮೇಷ್ಟ್ರ ಉಸಿರು ಉಳಿದಿದೆ ಎಂದು ತಾನು ಹೇಳುತ್ತಿದ್ದದ್ದು ಪೂರ್ತಿ ಸುಳ್ಳಲ್ಲವಲ್ಲ ಎಂದು ಸಮಾಧಾನವೇ ಆಯಿತು. ಹೆಂಡತಿ ಅವನ ಕೈಯಿಂದ ತಟ್ಟೆ ಕಿತ್ತು ಮೇಜಿನ ಮೇಲಿಟ್ಟಳು.

ಶ್ವಾಸಕೋಶದ ಊತ ಇಳಿಯಲು ಮಾತ್ರೆ ಕೊಟ್ಟರು. ಮೂರು ತಿಂಗಳು ತುತ್ತೂರಿ ಮುಟ್ಟಕೂಡದೆಂದರು. ಅವನು ಮುಟ್ಟಲಿಲ್ಲ. ಪೆಟ್ಟಿಗೆ ಬೀರುವಿನ ಮೇಲೆ ಕೂತಿತು. ಬ್ಯಾಂಡಿನ ಕಾರ್ಯಕ್ರಮಗಳಲ್ಲಿ ಉದ್ದ ಸ್ವರವನ್ನು ಕ್ಷೌರದವನು ಕ್ಲಾರಿಯೊನೆಟ್ಟಿನಲ್ಲಿ ಹಿಡಿಯಲು ನೋಡಿದ. ಕತ್ತರಿಯ ಸಹವಾಸವೋ ಏನೋ, ಪಾಪ, ಅದು ಬೇಗ ಕತ್ತರಿಸಿಹೋಗುತ್ತಿತ್ತು. ಇತ್ತ ಬೀಗದಣ್ಣನ ಕೆಮ್ಮು ನಿಂತಿತು, ಮೆಟ್ಟಿಲು ಸಲೀಸಾಯಿತು. ಎದೆಯ ಹೊಸ ಚಿತ್ರದಲ್ಲಿ ಮಂಜು ಕರಗಿತ್ತು.

“ಇನ್ನು ಊದಬಹುದು. ಆದ್ರೆ ಮೊದಲು ಒಳಗೆ ಚೆನ್ನಾಗಿ ತೊಳೀಬೇಕು, ವಾರಕ್ಕೊಮ್ಮೆ ತೊಳೀತಾನೇ ಇರಬೇಕು. ತೊಳೆಯಲ್ಲ ಅನ್ನೋದಾದ್ರೆ ಊದೋದು ಬೇಡ. ಎರಡರಲ್ಲಿ ಒಂದು,” ಎಂದಳು ಡಾಕ್ಟರಮ್ಮ.

ಬೀಗದಣ್ಣನಿಗೆ ಬಾಯಲ್ಲಿ ಬಿಸಿತುಪ್ಪ ಇಟ್ಟಂತಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ತೊಳೆಯದಿದ್ದರೆ ತುತ್ತೂರಿ ಇದ್ದೂ ಇಲ್ಲ. ತೊಳೆದರೆ ನಾದ ಹೋಗಿಬಿಟ್ಟರೆ? ರೋಗಾಣುವಿನ ಮಾತು ಅವನಿಗೆ ಅರ್ಥವಾಗಿತ್ತು, ನಂಬಿದ್ದ ಕೂಡ. ಆದರೆ ಅರ್ಥವಾದದ್ದೆಲ್ಲ ಕೈಗೆ ಇಳಿಯುವುದಿಲ್ಲ. ಹೆಂಡತಿ ಸೋಪು ನೀರು ಸಿದ್ಧಮಾಡಿಕೊಂಡು ಕರೆದರೆ ನಾಳೆ ಎಂದ, ನಾಡಿದ್ದು ಎಂದ. ಅವಳು ಬೇಕರಿಯಿಂದ ಬರುವಷ್ಟರಲ್ಲಿ ಪೆಟ್ಟಿಗೆಗೆ ಒಂದು ಬೀಗ ಬಿದ್ದಿತ್ತು, ಅಂಗಡಿಯಲ್ಲಿದ್ದದ್ದರಲ್ಲೇ ಗಟ್ಟಿಯಾದದ್ದು.

ಅವಳು ಬೀಗವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. “ಹಾಳಾಗಿಲ್ಲ,” ಎಂದಳು. “ಕೊಳೆ ಕೂತಿರೋದು ಬೇರೆ ಕಡೆ.” ಆಮೇಲೆ ಅವನ ಪಕ್ಕದಲ್ಲಿ ಕೂತು ದನಿ ತಗ್ಗಿಸಿದಳು. “ರೀ, ನೀವು ಆ ಸ್ವರ ಹಿಡಿದು ನಿಲ್ಲೋದು ನೋಡೋಕೆ ನನಗೆ ಎಷ್ಟು ಇಷ್ಟ ಅಂತ ನಾನು ಯಾವತ್ತೂ ಹೇಳಿಲ್ಲ. ಹೇಳಿದ್ರೆ ತಲೆ ಮೇಲೆ ಕೂತ್ಕೋತೀರಿ ಅಂತ. ಹೋಗಿ ಮೇಷ್ಟ್ರನ್ನೇ ಕೇಳೋಣ. ಅವರು ಬೇಡ ಅಂದ್ರೆ ನಾನು ಇನ್ನು ಬಾಯಿ ಬಿಡಲ್ಲ.”

ಮರುದಿನ ಬೆಳಗ್ಗೆ ಇಬ್ಬರೂ ಹೋದರು. ಪೆಟ್ಟಿಗೆ ಅವನ ಕೈಯಲ್ಲಿತ್ತು. ಅವಳ ಚೀಲದಲ್ಲಿ ಸೋಪು, ಬಟ್ಟೆ ಇದ್ದವು. ಮೇಷ್ಟ್ರಿಗೆ ಈಗ ಎಂಬತ್ತು ದಾಟಿತ್ತು. ಮಗ ಸೊಸೆಯ ಜೊತೆ, ಹಿಂದೆ ಪುಟ್ಟ ಅಂಗಳವಿದ್ದ ಮನೆಯಲ್ಲಿದ್ದರು. ತುತ್ತೂರಿ ಬಿಟ್ಟ ಕೆಲವೇ ತಿಂಗಳಲ್ಲಿ ಅವರ ಕೆಮ್ಮು ವಾಸಿಯಾಗಿತ್ತು. ವಿಶ್ರಾಂತಿಯ ಗುಣ ಎಂದು ಊರು ನಂಬಿತ್ತು. ಬೀಗದಣ್ಣ ಅವರ ಎದುರು ಕೂತು ಜ್ವರದಿಂದ ಹಿಡಿದು ಹಸಿರು ತಟ್ಟೆಯವರೆಗೆ ಎಲ್ಲ ಹೇಳಿದ. ಕೊನೆಗೆ ಗಂಟಲು ಸರಿಮಾಡಿಕೊಂಡು ಕೇಳಿದ:

“ಮೇಷ್ಟ್ರೇ, ನಿಮ್ಮ ಅಪ್ಪಣೆ ಬೇಕು. ತೊಳೆಯಬಾರದು ಅಂತ ನೀವೇ ಹೇಳಿದ್ರಿ.”

ಮೇಷ್ಟ್ರು ಕನ್ನಡಕ ತೆಗೆದರು. “ನಾನಾ? ಯಾವಾಗ?”

“ಪಂಚರ್ ಅಂಗಡಿ ಮೇಲಿನ ಕೋಣೆಗೆ ನಾವು ಬಂದ ಹೊಸದರಲ್ಲಿ. ನೀರು ಮುಟ್ಟಿಸಬೇಡಿ ಅಂದ್ರಿ. ನಾನು ಅಲ್ಲೇ ಇದ್ದೆ.”

ಮೇಷ್ಟ್ರು ಸೂರು ನೋಡುತ್ತ ನೆನಪು ತಡಕಿದರು. ಸ್ವಲ್ಪ ಹೊತ್ತಿಗೆ ಅವರ ಹೊಟ್ಟೆ ಕುಲುಕತೊಡಗಿತು. “ಅಯ್ಯೋ ಪುಣ್ಯಾತ್ಮ. ಆವತ್ತು ಇದರ ಬೆಸುಗೆ ಬಿಟ್ಟಿತ್ತು ಕಣೋ. ಅಂಟು ಹಾಕಿ ಕೂರಿಸಿದ್ದೆ. ಅದು ಒಣಗೋ ತನಕ ನೀರು ಮುಟ್ಟಿಸಬೇಡಿ ಅಂದೆ. ಒಣಗೋ ತನಕ.”

“ಮತ್ತೆ ನಾದ?”

“ನಾದದ ಮಾತು ನಾನು ಎತ್ತಲೇ ಇಲ್ಲ. ಆಮೇಲೆ ನೀವೆಲ್ಲ ನಾದ, ನಾದ ಅಂತ ಭಕ್ತಿಯಿಂದ ಮಾತಾಡೋಕೆ ಶುರುಮಾಡಿದ್ರಿ. ಇಷ್ಟು ಜನ ಹೇಳ್ತಾರೆ, ಇದ್ದರೂ ಇರಬಹುದು ಅಂತ ನಾನೂ ತೊಳೆಯೋದು ಬಿಟ್ಟೆ. ಅದಕ್ಕೆ ಮುಂಚೆ ರಜಾದಿನ ಬಂದ್ರೆ ಬಕೆಟ್‌ನಲ್ಲಿ ಮುಳುಗಿಸಿ ತೊಳೀತಿದ್ದೆನಲ್ಲೋ.”

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಇಲ್ಲಿ ಶಿಷ್ಯರು ಕರುವನ್ನು ಕಟ್ಟಿದರು, ಗುರುಗಳು ಹಾಲು ಕರೆಯಲು ಚೊಂಬು ಹಿಡಿದು ಹೋದರು. ಬೀಗದಣ್ಣನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮೇಷ್ಟ್ರ ಸೊಸೆ ನಗುತ್ತಲೇ ಹೋಗಿ ಅಂಗಳಕ್ಕೆ ಉಗುರುಬೆಚ್ಚಗಿನ ನೀರಿನ ಬಕೆಟ್ ತಂದಿಟ್ಟಳು.

ಬೀಗದಣ್ಣ ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡು ಜೇಬಿನಿಂದ ಬೀಗದ ಕೈ ತೆಗೆದು ಪೆಟ್ಟಿಗೆಯ ಬೀಗ ಬಿಚ್ಚಿದ. ತುತ್ತೂರಿಯ ಮೂರು ಗುಂಡಿಗಳನ್ನು ಕಳಚಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟ, ಜಾರುಕೊಳವೆಗಳನ್ನು ಎಳೆದು ತೆಗೆದ. ಬೀಗ ಬಿಚ್ಚುವ ಕೈಗೆ ಅದು ಕಷ್ಟದ ಕೆಲಸವೇನಲ್ಲ, ಆದರೂ ಬೇಕೆಂದೇ ನಿಧಾನ ಮಾಡಿದ. ಉಜ್ಜುವ ಕೆಲಸವನ್ನು ಹೆಂಡತಿ ಅವನಿಗೆ ಬಿಡಲಿಲ್ಲ. ಅವನು ದೂರ ಕೂತ, ಅವಳು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಕೊಳವೆಗೆ ನೀರು ಬಿಟ್ಟಳು. ಮೊದಲು ಟೀ ಬಣ್ಣದ ನೀರು ಬಂತು. ಆಮೇಲೆ ಲೋಳೆಯ ಎಳೆಗಳು, ಕರಿಯ ಚಕ್ಕೆಗಳು, ಹಳೆಯ ಬಾವಿಯ ಪಾಚಿಯಂಥ ಹಸಿರು ಮುದ್ದೆ. ಮೇಲೆ ಥಳಕು ಒಳಗೆ ಹುಳುಕು ಎಂದು ಹೇಳಬೇಕೆಂದು ಅವಳ ನಾಲಿಗೆ ತುದಿಗೆ ಬಂದಿತ್ತು. ಗಂಡನ ಮುಖ ನೋಡಿ ನುಂಗಿಕೊಂಡಳು. ಸೋಪು ಹಾಕಿ, ಬಟ್ಟೆ ಕಟ್ಟಿದ ತಂತಿ ಆಡಿಸಿ, ನೀರು ತಿಳಿಯಾಗುವವರೆಗೆ ತೊಳೆದಳು.

ತುತ್ತೂರಿ ಬಿಸಿಲಿನಲ್ಲಿ ಒಣಗಿತು. ಬೀಗದಣ್ಣ ಅದನ್ನು ಜೋಡಿಸಿ, ಗುಂಡಿಗಳಿಗೆ ಎಣ್ಣೆ ಬಿಟ್ಟು, ಕೈಯಲ್ಲಿ ಹಿಡಿದು ನಿಂತ. ಊದಲಿಲ್ಲ. ತೂಕ ಕಡಿಮೆಯಾದಂತೆ ಅನ್ನಿಸಿತು, ಅದಕ್ಕೇ ಅವನಿಗೆ ಭಯವಾಯಿತು. ಒಳಗೆ ಈಗ ಏನೂ ಇಲ್ಲ.

“ನೀವು ಊದಿ ಮೇಷ್ಟ್ರೇ,” ಎಂದ. “ನಾದ ಇದೆಯೋ ಇಲ್ವೋ ನೀವು ಊದಿದ್ರೇ ನನಗೆ ಗೊತ್ತಾಗೋದು.”

“ನನ್ನ ಉಸಿರು ಮುಗಿದು ಎಷ್ಟೋ ವರ್ಷ ಆಯ್ತಲ್ಲೋ.”

“ಒಂದು ಸಲ.”

ಮೇಷ್ಟ್ರು ಕುರ್ಚಿಯ ತುದಿಗೆ ಸರಿದು ಕೂತರು. ಬೆನ್ನು ನೆಟ್ಟಗಾಯಿತು. ತುಟಿ ಒದ್ದೆ ಮಾಡಿಕೊಂಡು, ಮೂಗಿನಿಂದ ಮೆಲ್ಲಗೆ ಉಸಿರು ತುಂಬಿಕೊಂಡು ತುತ್ತೂರಿಗೆ ಬಾಯಿಟ್ಟರು. ಮೊದಲು ಬರೀ ಗಾಳಿ ಬಂತು. ಆಮೇಲೆ ಸ್ವರ ಬಂತು. ಅದೇ ಸ್ವರ. ಮೇಲಿನ ಮುಸುಕು ತೆಗೆದಂತೆ ಸ್ಪಷ್ಟವಾಗಿತ್ತು, ಅಂಗಳ ದಾಟಿ ಬೀದಿಗೆ ಹೋಯಿತು. ಬೀಗದಣ್ಣ ತನ್ನ ತುತ್ತೂರಿಯನ್ನು ಇಷ್ಟು ವರ್ಷದಲ್ಲಿ ಎದುರಿಗೆ ನಿಂತು ಕೇಳಿದ್ದು ಇದೇ ಮೊದಲು. ಅವನ ಕೈ ತನ್ನಷ್ಟಕ್ಕೆ ಒಂದೊಂದೇ ಬೆರಳು ಮಡಿಸತೊಡಗಿತ್ತು. ಮೊದಲ ಕೈ ಮುಗಿದು ಎರಡನೆಯ ಕೈಗೆ ಬಂದ. ಮೇಷ್ಟ್ರು ಇನ್ನೂ ಊದುತ್ತಿದ್ದರು.

ನಿಲ್ಲಿಸಿದಾಗ ಅವರ ಮುಖ ಕೆಂಪಗಾಗಿತ್ತು, ಕಣ್ಣು ತುಂಬಿತ್ತು. ಎದೆಯ ಮೇಲೆ ಕೈಯಿಟ್ಟುಕೊಂಡು ಕೂತರು.

“ಇದೆಯಲ್ಲೋ,” ಎಂದರು. “ನಾನು ವಯಸ್ಸಾಯ್ತು ಅಂತ ಕೊಟ್ಟುಬಿಟ್ನಲ್ಲೋ.”

ಬೀಗದಣ್ಣನಿಗೆ ಬರುತ್ತಿದ್ದ ಉಪದೇಶ ಒಂದೇ, ಅದನ್ನೇ ಹೇಳಿದ. “ವಯಸ್ಸಾಗಿರಲಿಲ್ಲ ಮೇಷ್ಟ್ರೇ. ಕೊಳೆ ಕೂತಿತ್ತು.”

ಮೇಷ್ಟ್ರು ನಕ್ಕು ತುತ್ತೂರಿಯನ್ನು ಅವನ ಕೈಗೆ ಕೊಟ್ಟರು. ಅವನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಮಾಸ್ಕ್ ಕೆಳಗೆಳೆದು, ತುಟಿಯ ಹತ್ತಿರ ತಂದ. ಮೇಷ್ಟ್ರು ಅವನ ಮೊಣಕೈ ಹಿಡಿದು ತಡೆದರು. ಬೀಗದಣ್ಣನ ಹೆಂಡತಿ ಆಗಲೇ ನಲ್ಲಿಯ ಹತ್ತಿರ ಹೋಗಿ ನಿಂತಿದ್ದಳು.

“ನಾನು ಬಾಯಿಟ್ಟಿದ್ದೀನಿ,” ಎಂದರು ಮೇಷ್ಟ್ರು. “ತೊಳೆದು ಊದು.”